ರೇಷ್ಮೆಯ ಮೇಲಿಟ್ಟ ಕಾರ್ಡು

ಮೊಳಕಾಲ್ಮೂರಿನ ನಾಗರತ್ನಳಿಗೆ ಮೂವತ್ಮೂರಾದರೂ ಮದುವೆಯಾಗಿಲ್ಲವೆಂಬ ಚಿಂತೆಯನ್ನು ಅವಳಿಗಿಂತ ಹೆಚ್ಚಾಗಿ ಬೀದಿಯವರೇ ತಲೆಗೆ ಹಚ್ಚಿಕೊಂಡಿದ್ದರು. ಅವಳಿಗೆ ಅದಕ್ಕೆ ಪುರುಸೊತ್ತಿರಲಿಲ್ಲ. ರೇಷ್ಮೆ ಸೀರೆಗಳ ಅಂಚಿಗೂ ಸೆರಗಿಗೂ ನಕ್ಷೆ ಬರೆಯುವುದು ಅವಳ ಕೆಲಸ. ಮೊದಲು ಅದು ಅವಳ ಅಪ್ಪನ ಕೆಲಸವಾಗಿತ್ತು. ನಾಗೇಂದ್ರಪ್ಪ ನಲವತ್ತು ವರ್ಷ ಗ್ರಾಫ್ ಹಾಳೆಯ ಮುಂದೆ ಕೂತು, ಒಂದು ಎಳೆಗೆ ಒಂದು ಚೌಕದಂತೆ ಪೆನ್ಸಿಲ್ಲಿನಲ್ಲಿ ತುಂಬಿ, ಹಂಸ ಬಳ್ಳಿ ಗೋಪುರಗಳನ್ನು ಬರೆದವನು. ಆ ಹಾಳೆ ನೋಡಿ ರಟ್ಟಿಗೆ ತೂತು ಹೊಡೆಯುತ್ತಿದ್ದರು. ಆ ರಟ್ಟುಗಳನ್ನು ಮಗ್ಗದ ಮೇಲೆ ಏರಿಸಿದರೆ ಹಂಸ ಸೀರೆಗೆ ಇಳಿಯುತ್ತಿತ್ತು. ಒಂದು ಚೌಕ ತಪ್ಪಿದರೆ ಹಂಸದ ಕೊಕ್ಕು ಮುರಿಯುತ್ತದೆ. ನಾಗೇಂದ್ರಪ್ಪನ ಹಂಸದ ಕೊಕ್ಕು ಎಂದೂ ಮುರಿದಿರಲಿಲ್ಲ, ಅದನ್ನು ಆತ ಯಾರಿಗೂ ಮರೆಯಲು ಬಿಟ್ಟಿರಲೂ ಇಲ್ಲ.

ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಬಡಿಯಿತು. ಬೆಳಕು ಯಾವ ಕಡೆ, ನೆರಳು ಯಾವ ಕಡೆ ಎನ್ನುವಷ್ಟು ಮಾತ್ರ ಉಳಿಯಿತು. ಆಗ ನಾಗರತ್ನ ಆರು ತಿಂಗಳು ದಿನವೂ ಬಸ್ಸಿನಲ್ಲಿ ಚಳ್ಳಕೆರೆಗೆ ಹೋಗಿ ಕಂಪ್ಯೂಟರ್ ಕಲಿತಳು. ಬಾಗಿಲು ಮುಚ್ಚಿದ ಒಂದು ಟೈಪಿಂಗ್ ಶಾಲೆಯಿಂದ ಹಳೆಯ ಕಂಪ್ಯೂಟರೊಂದನ್ನು ಮನೆಗೆ ತಂದಳು. ಕಾಗದದ ಚೌಕ ತೆರೆಯ ಮೇಲಿನ ಚೌಕವಾಯಿತು, ಅಷ್ಟೇ. ಆದರೆ ಅಪ್ಪ ಅದನ್ನು ಕಂಪ್ಯೂಟರ್ ಎಂದು ಕರೆಯಲಿಲ್ಲ, ಡಬ್ಬಿ ಎಂದ. ಅವಳು ಬರೆದದ್ದನ್ನು ನಕ್ಷೆ ಎಂದೂ ಕರೆಯಲಿಲ್ಲ, ಡಬ್ಬಿ ಕೆಲಸ ಎಂದ. ಏಳು ವರ್ಷ ಹಾಗೆಯೇ ಕರೆದ. ಹಠ ಮಾಡುವುದರಲ್ಲಿ ಆ ಮನೆಯವರು ಒಬ್ಬರಿಗಿಂತ ಒಬ್ಬರು ಮೇಲು.

ಕೆಲಸ ಕೊಡುತ್ತಿದ್ದವರು ಬೆಂಗಳೂರಿನ ಒಬ್ಬ ಸೀರೆ ಸಾಹುಕಾರರು. ಅವರು ನಕ್ಷೆ ಒಪ್ಪಿದರೆ ನಾಗರತ್ನಳ ಬೀದಿಯ ಐದು ಮಗ್ಗಗಳಿಗೆ ಕೆಲಸ. ಅವಳು ನಕ್ಷೆಯನ್ನು ಫ್ಲಾಪಿಗೆ ಹಾಕಿಕೊಂಡು ಚಳ್ಳಕೆರೆಗೆ ಹೋಗಿ, ಅಲ್ಲಿಯ ಇಂಟರ್ನೆಟ್ ಅಂಗಡಿಯಿಂದ ಕಳಿಸುತ್ತಿದ್ದಳು. ಅವರು ಏನಾದರೂ ತಿದ್ದಲು ಹೇಳಿದರೆ ಮತ್ತೆ ಮನೆ, ಮತ್ತೆ ಬಸ್ಸು, ಮತ್ತೆ ಚಳ್ಳಕೆರೆ. ದಾರಿಯಲ್ಲಿ ಫ್ಲಾಪಿ ಕೆಟ್ಟರೆ ಇನ್ನೊಂದು ದಿನ. ಅಷ್ಟು ದಿನ ಐದು ಮಗ್ಗಗಳೂ ಸುಮ್ಮನೆ ಕೂರಬೇಕು.

2006ರ ಡಿಸೆಂಬರಿನಲ್ಲಿ ಸಾಹುಕಾರರ ಫೋನ್ ಬಂತು. "ನೋಡಮ್ಮ, ಬೇರೆ ಊರಿನವರು ಬೆಳಿಗ್ಗೆ ತಿದ್ದೋಕೆ ಹೇಳಿದ್ರೆ ಸಂಜೆಗೆ ವಾಪಸ್ ಕಳಿಸ್ತಾರೆ. ಸಂಕ್ರಾಂತಿ ಆದ ಗುರುವಾರ ನಾನೊಂದು ತಿದ್ದುಪಡಿ ಕಳಿಸ್ತೀನಿ. ಅವತ್ತೇ ವಾಪಸ್ ಬಂದ್ರೆ ಕೆಲಸ ನಿಮಗೇ. ಇಲ್ಲಾಂದ್ರೆ ಬೇಜಾರು ಮಾಡ್ಕೋಬೇಡಿ," ಎಂದರು. ಬೇಜಾರು ಮಾಡಿಕೊಳ್ಳದೆ ಇನ್ನೇನು ಮಾಡಿಕೊಳ್ಳುವುದು ಎಂದು ಅವರು ಹೇಳಲಿಲ್ಲ.

ಸುದ್ದಿ ಬೀದಿಗೆಲ್ಲ ತಲುಪಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಎದುರು ಮನೆಯ ಮಗ್ಗದ ಸೂರಮ್ಮ ಬಂದು ಬಾಗಿಲಲ್ಲೇ ಕೂತಳು. "ಏಮಮ್ಮಾ ರತ್ನಾ, ನಿನ್ನ ಡಬ್ಬಿ ನಮ್ಮನ್ನ ಉಳಿಸ್ತೈತೋ, ಕೂಲಿಗೆ ಕಳಿಸ್ತೈತೋ?" ಎಂದಳು. ನಾಗರತ್ನ ಮಾರನೆಯ ದಿನವೇ ಬ್ರಾಡ್‌ಬ್ಯಾಂಡಿಗೆ ಅರ್ಜಿ ಹಾಕಿದಳು.

ಲೈನ್‌ಮನ್ ಬಂದದ್ದು ಸಂಕ್ರಾಂತಿಗೆ ಮೂರು ದಿನ ಇರುವಾಗ. ಮೋಡೆಮ್ ಎಂಬ ಪುಟ್ಟ ಪೆಟ್ಟಿಗೆಯನ್ನು ಫೋನಿನ ತಂತಿಗೆ ಸೇರಿಸಿದ. ಅದರಿಂದ ಹೊರಟ ವೈರನ್ನು ಹಿಡಿದುಕೊಂಡು ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದ, ಮತ್ತೊಮ್ಮೆ ನೋಡಿದ. "ಇದನ್ನ ಚುಚ್ಚೋಕೆ ತೂತೇ ಇಲ್ಲವಲ್ಲ ಅಕ್ಕಾರೆ. ನಿಮ್ದು ಹಳೇ ಮಿಷನ್ನು. ಒಳಗೆ ನೆಟ್‌ವರ್ಕ್ ಕಾರ್ಡು ಅಂತ ಒಂದು ಕೂರಿಸ್ಬೇಕು. ಚಳ್ಳಕೆರೆಯಾಗೆ ಸಿಗ್ತೈತೆ," ಎಂದು ಹೇಳಿ ವೈರನ್ನು ಸುರುಳಿ ಸುತ್ತಿ ಮೇಜಿನ ಮೇಲಿಟ್ಟು ಹೋದ.

ಬೇರೆ ಯಾರಾದರೂ ಆಗಿದ್ದರೆ ಕಂಪ್ಯೂಟರನ್ನೇ ಬಸ್ಸಿನ ಟಾಪಿಗೆ ಏರಿಸುತ್ತಿದ್ದರು. ನಾಗರತ್ನ ಹಾಗೆ ಮಾಡಲಿಲ್ಲ. ಕಂಪ್ಯೂಟರಿನ ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಿ, ಟಾರ್ಚು ಹಿಡಿದು, ಒಳಗೆ ಇದ್ದದ್ದನ್ನು ಇದ್ದ ಹಾಗೆ ಗ್ರಾಫ್ ಹಾಳೆಯ ಮೇಲೆ ಬರೆದಳು. ಕಾರ್ಡು ಕೂರುವ ಸೀಳುಗಳಲ್ಲಿ ಉದ್ದನೆಯ ಕಪ್ಪು ಸ್ಲಾಟು ಎರಡು, ಗಿಡ್ಡನೆಯ ಬಿಳಿ ಸ್ಲಾಟು ಮೂರು, ಬಿಳಿಯ ಸ್ಲಾಟಿನಲ್ಲಿ ಅಡ್ಡಗೋಡೆ ಇರುವುದು ಯಾವ ತುದಿಗೆ, ಯಾವುದು ಖಾಲಿ, ಯಾವುದರಲ್ಲಿ ಏನಿದೆ, ಎಲ್ಲವನ್ನೂ ಚೌಕ ಎಣಿಸಿ ಅಳತೆಗೆ ಸರಿಯಾಗಿ ತುಂಬಿದಳು. ಆ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಶನಿವಾರ ಬೆಳಗಿನ ಬಸ್ಸಿಗೆ ಚಳ್ಳಕೆರೆಗೆ ಹೊರಟಳು.

ಅಲ್ಲಿ ಆ ಸಾಮಾನು ಸಿಗುತ್ತಿದ್ದದ್ದು ಕ್ಯಾತಣ್ಣನ ಅಂಗಡಿಯಲ್ಲಿ ಮಾತ್ರ. ಕ್ಯಾತಣ್ಣ ಹತ್ತಿರದ ಹಟ್ಟಿಯವನು. ಅವರ ಮನೆತನ ತಲೆತಲಾಂತರದಿಂದ, ದೇವರಿಗೆಂದೇ ಬಿಟ್ಟು ದುಡಿಸದ ದೇವರ ಎತ್ತುಗಳನ್ನು ಕಾಯ್ದುಕೊಂಡು ಬಂದದ್ದು. ಅವನು ಮಾತ್ರ ರೇಡಿಯೋ ರಿಪೇರಿ ಕಲಿತು, ಟೀವಿಗೆ ಬಂದು, ಕೊನೆಗೆ ಕಂಪ್ಯೂಟರಿಗೆ ಬಂದು ನಿಂತಿದ್ದ. ನಾಗರತ್ನ ಬಿಚ್ಚಿದ ಹಾಳೆಯನ್ನು ನೋಡಿ ಕನ್ನಡಕ ಸರಿಮಾಡಿಕೊಂಡ.

"ಅಕ್ಕಾರೆ, ಇಷ್ಟು ವರ್ಷದಾಗೆ ಕಂಪ್ಯೂಟರ್ ಹೊಟ್ಟೆನ ಹಿಂಗೆ ಬರ್ಕೊಂಡು ಬಂದೋರು ನೀವೊಬ್ರೇ ನೋಡ್ರಿ," ಎಂದ.

ಮೂರು ಕಾರ್ಡುಗಳನ್ನು ಮುಂದಿಟ್ಟ. ಒಂದು ಉದ್ದನೆಯದು, ಕಪ್ಪು ಸ್ಲಾಟಿಗೆ ಕೂರುವಂಥದು; ಆದರೆ ಅದರ ಹಿಂದೆ ಇದ್ದದ್ದು ಟೀವಿ ಕೇಬಲ್ಲಿನ ಹಾಗೆ ದುಂಡಗಿನ ಮೂತಿ. ಮೋಡೆಮಿನ ವೈರು ಅದಕ್ಕೆ ಹೋಗುವುದಿಲ್ಲ. ಉಳಿದ ಎರಡೂ ಬಿಳಿ ಸ್ಲಾಟಿಗೆ ಸರಿಹೋಗುವಂಥವು, ವೈರಿಗೂ ಸರಿ. ಇವುಗಳಲ್ಲಿ ಯಾವುದು?

"ಇದು ಹೊಸದು, ಇದನ್ನೇ ತಗಳ್ರಿ," ಎಂದ ಕ್ಯಾತಣ್ಣ.

ನಾಗರತ್ನ ಎರಡೂ ಡಬ್ಬಗಳನ್ನು ತೆರೆಸಿ ನೋಡಿದಳು. ಕಾರ್ಡನ್ನು ಕಂಪ್ಯೂಟರಿಗೆ ಪರಿಚಯಿಸಿಕೊಡುವ ಡ್ರೈವರ್ ಎಂಬ ಪ್ರೋಗ್ರಾಮು ಹೊಸದರಲ್ಲಿ ಸೀಡಿಯಲ್ಲಿತ್ತು, ಹಳೆಯದರಲ್ಲಿ ಫ್ಲಾಪಿಯಲ್ಲಿ. ಅವಳ ಕಂಪ್ಯೂಟರಿನ ಸೀಡಿ ಡ್ರೈವ್ ಸತ್ತು ಎರಡು ವರ್ಷವಾಗಿತ್ತು. "ಇದು ಸಾಕು," ಎಂದು ಹಳೆಯದನ್ನು ಎತ್ತಿಕೊಂಡಳು. ಕ್ಯಾತಣ್ಣ ಅದನ್ನು ತನ್ನ ಕಂಪ್ಯೂಟರಿಗೆ ಹಾಕಿ ತೋರಿಸಿದ. ಕಾರ್ಡಿನ ಹಿಂದೆ ಹಸಿರು ದೀಪ ಹತ್ತಿತು. ಮಿರುಗುವ ಚೀಲಕ್ಕೆ ಅದನ್ನು ತುಂಬಿ, ಡಬ್ಬಕ್ಕೆ ಹಾಕಿ ಕೊಟ್ಟ.

ಭಾನುವಾರ ಬೆಳಿಗ್ಗೆ ಅವಳು ಸ್ಕ್ರೂಡ್ರೈವರ್ ಹಿಡಿದು ಕೂತರೆ ಅಪ್ಪ ತಡೆದ. ಆ ಮನೆಯಲ್ಲಿ ಹೊಸ ಲಾಳಿ ಬಂದರೂ, ಹೊಸ ರಟ್ಟು ಬಂದರೂ, ರೇಷ್ಮೆ ಬಟ್ಟೆಯ ಮೇಲಿಟ್ಟು, ಮನೆಯವರು ರೇಷ್ಮೆ ಉಟ್ಟು, ಪೂಜೆ ಮಾಡಿ, ಕೈಯಿಂದ ಸವರಿ ಕಣ್ಣಿಗೊತ್ತಿಕೊಂಡ ಮೇಲೆಯೇ ಮಗ್ಗಕ್ಕೆ ಏರಿಸುವುದು. ಏಳು ವರ್ಷ ಡಬ್ಬಿ ಡಬ್ಬಿ ಎಂದು ಹೀಯಾಳಿಸಿದವನಿಗೆ ಈಗ ಆ ಡಬ್ಬಿಗೂ ಮರ್ಯಾದೆ ಮಾಡಬೇಕು ಅನಿಸಿತಲ್ಲ ಎಂದು ನಾಗರತ್ನಳಿಗೆ ಖುಷಿಯೇ ಆಯಿತು. ಅವಳು ಬೇಡವೆನ್ನಲಿಲ್ಲ. ಕಾರ್ಡನ್ನು ಚೀಲದ ಸಮೇತವೇ ಇಡೋಣ ಎಂದಳು, ಅಷ್ಟೇ.

"ಚೀಲಕ್ಕೆ ಪೂಜೆ ಮಾಡೋಕಾಗ್ತೈತೇನಮ್ಮಾ? ತೆಗಿ ಹೊರಕ್ಕೆ," ಎಂದ ನಾಗೇಂದ್ರಪ್ಪ.

ಅವಳು ಪಟ್ಟೆ ಸೀರೆ ಉಟ್ಟಳು, ಅವನು ಪಟ್ಟೆ ಪಂಚೆ ಉಟ್ಟ. ಹಿತ್ತಾಳೆ ತಟ್ಟೆಯಲ್ಲಿ ಮಡಿಸಿದ ರೇಷ್ಮೆ, ಅದರ ಮೇಲೆ ಕಾರ್ಡು. ಅಪ್ಪ ಅದನ್ನು ಈ ತುದಿಯಿಂದ ಆ ತುದಿಗೆ ಎರಡು ಸಲ ಸವರಿದ. ಸೂರಮ್ಮನೂ ಬಂದು ಕೈಮುಗಿದಳು. ಆ ದಿನಗಳಲ್ಲಿ ಬೀಸುವ ಒಣಗಾಳಿಗೆ ತುಟಿ ಒಡೆದು ರಕ್ತ ಬರುತ್ತದೆ. ಪ್ಲಾಸ್ಟಿಕ್ ಕುರ್ಚಿಯಿಂದ ನಾಗರತ್ನ ಏಳುವಾಗ ಸೀರೆ ಕಾಲಿಗೆ ಅಂಟಿಕೊಂಡು ಬಂತು. ಕಾರ್ಡನ್ನು ಎತ್ತಿಕೊಂಡಾಗ ಬೆರಳ ತುದಿಗೆ ಏನೋ ಚುಳ್ ಎಂದಿತು. ಅವಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಾರ್ಡು ಬಿಳಿ ಸ್ಲಾಟಿನಲ್ಲಿ ಅಚ್ಚುಕಟ್ಟಾಗಿ ಕೂತಿತು. ಸ್ಕ್ರೂ ಬಿಗಿದಳು, ವೈರು ಚುಚ್ಚಿದಳು, ಕಂಪ್ಯೂಟರ್ ಹಚ್ಚಿದಳು.

ದೀಪ ಹತ್ತಲಿಲ್ಲ. ತೆಗೆದು ಪಕ್ಕದ ಸ್ಲಾಟಿಗೆ ಹಾಕಿದಳು. ಅಲ್ಲಿಯೂ ಇಲ್ಲ. ಮಧ್ಯಾಹ್ನದವರೆಗೆ ಒದ್ದಾಡಿದಳು. ಕಾರ್ಡೊಂದು ತನ್ನೊಳಗೆ ಬಂದು ಕೂತಿದೆ ಎನ್ನುವುದೇ ಕಂಪ್ಯೂಟರಿಗೆ ಗೊತ್ತಾಗಲಿಲ್ಲ.

ಸೋಮವಾರ ಸಂಕ್ರಾಂತಿ. ಹಬ್ಬದ ಅಡಿಗೆಯನ್ನೂ ಬಿಟ್ಟು ಅವಳು ಚಳ್ಳಕೆರೆಯ ಬಸ್ಸು ಹತ್ತಿದಳು. ಅಂಗಡಿಯಲ್ಲಿ ನಾಲ್ಕೈದು ಜನ ಗಿರಾಕಿಗಳಿದ್ದರು.

"ಸತ್ತ ಮಾಲು ಕೊಟ್ಟಿದೀರಲ್ಲ ಕ್ಯಾತಣ್ಣ!"

ಕ್ಯಾತಣ್ಣ ಕಾರ್ಡನ್ನು ತನ್ನ ಕಂಪ್ಯೂಟರಿಗೆ ಹಾಕಿ ನೋಡಿದ. ಅಲ್ಲಿಯೂ ದೀಪವಿಲ್ಲ. "ಶನಿವಾರ ನಿಮ್ಮ ಕಣ್ಮುಂದೇನೇ ಹತ್ತಿತ್ತಲ್ಲ ಅಕ್ಕಾರೆ. ಮನೆಯಾಗೆ ಏನೋ ಆಗೈತೆ."

"ತೋರಿಸಿದ್ದೊಂದು, ಚೀಲಕ್ಕೆ ಹಾಕಿದ್ದೊಂದು. ನಂಗೇನು ಗೊತ್ತಾಗಲ್ಲ ಅನ್ಕೊಂಡ್ರಾ?"

ಕ್ಯಾತಣ್ಣ ಎದ್ದು ನಿಂತ. "ದೇವರ ಎತ್ತಿನ ಆಣೆ. ಅದೇ ಕಾರ್ಡನ್ನೇ ಕೊಟ್ಟೀನಿ."

ಅಲ್ಲಿಗಾದರೂ ಅವಳು ನಿಲ್ಲಿಸಬೇಕಿತ್ತು. ಅವನ ಹಟ್ಟಿಯವರು ಆ ಆಣೆಯನ್ನು ಬಾಯಿಗೆ ಬಂದಾಗಲೆಲ್ಲ ಹಾಕುವವರಲ್ಲ. ಹಾಕಿದರೆ ಪಂಚಾಯ್ತಿಯೂ ಅದರ ಮೇಲೆ ಮಾತಾಡುವುದಿಲ್ಲ. ನಾಗರತ್ನಳಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಅಂದಳು: "ಎತ್ತಿನ ಆಣೆ ಹಾಕ್ಕೊಂಡು ಮಾಲು ಮಾರೋದು ಒಳ್ಳೇ ಯಾಪಾರ ಬಿಡ್ರಿ."

ಕ್ಯಾತಣ್ಣ ಕೂಗಾಡಲಿಲ್ಲ. ಅವಳು ಕೊಟ್ಟಿದ್ದ ದುಡ್ಡನ್ನು ಗಲ್ಲಾಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟ. "ನಿಮ್ಮ ದುಡ್ಡು ನಿಮ್ಗೆ. ಇಂಥಾದ್ದೇ ಇನ್ನೊಂದು ಐತೆ, ಆದ್ರೆ ನಿಮ್ಗೆ ಕೊಡಲ್ಲ. ಹೋಗ್ರಿ," ಎಂದು ಬೇರೆ ಗಿರಾಕಿಯ ಕಡೆಗೆ ತಿರುಗಿದ.

ಮನೆಗೆ ಬಂದವಳು ಅಪ್ಪನಿಗೆ ಎಲ್ಲವನ್ನೂ ಹೇಳಿದಳು, ತಾನು ಆಡಿದ ಮಾತನ್ನೂ ಬಿಡದೆ. ಗುರುವಾರಕ್ಕೆ ಇನ್ನು ಮೂರೇ ದಿನ.

ಮಂಗಳವಾರ ಬೆಳಿಗ್ಗೆ ನಾಗೇಂದ್ರಪ್ಪ ಸೂರಮ್ಮನ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಅವಳ ಮಗ್ಗ ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ನೇಯುವಂಥದು. ಸೂರಮ್ಮ ಗುಂಡಿಯೊಳಗೆ ನೀರು ಚಿಮುಕಿಸುತ್ತಿದ್ದಳು. ಚಳಿಗಾಲದಲ್ಲಿ ನೇಕಾರರೆಲ್ಲರೂ ಮಾಡುವುದೇ ಅದು. ಒಣಗಾಳಿಗೆ ರೇಷ್ಮೆಯ ಎಳೆಗಳು ಕೆರಳಿ ಒಂದಕ್ಕೊಂದು ದೂರ ಸಿಡಿಯುತ್ತವೆ. ನೆಲ ತೇವವಾದರೆ ತಣ್ಣಗಾಗಿ ಹೇಳಿದ ಮಾತು ಕೇಳುತ್ತವೆ.

"ಈ ವರ್ಷ ಭಾಳ ಕೆರಳ್ಯಾವೆ. ಕೈ ಇಟ್ರೆ ಚುಳ್ ಅಂತಾವೆ," ಎಂದಳು ಸೂರಮ್ಮ.

ನಾಗೇಂದ್ರಪ್ಪ ಎದ್ದು ಗೋಡೆ ಹಿಡಿದುಕೊಂಡು ಮನೆಗೆ ಬಂದ. "ರತ್ನಾ, ಅವತ್ತು ಕಾರ್ಡು ಎತ್ಕೊಂಡಾಗ ಕೈಗೆ ಏನಾನಾ ಚುಚ್ಚಿತಾ?"

"ಹೂಂ. ಸೂಜಿ ಮೊನೆ ತಾಗಿದಂಗಾತು. ಯಾಕಪ್ಪಾ?"

ಕಾರ್ಡಿನ ಡಬ್ಬದಲ್ಲಿ ಕಾಗದ ಗೀಗದ ಇದ್ದರೆ ಓದು ಎಂದ. ಇತ್ತು. ಇಂಗ್ಲಿಷಿನ ಆ ಕಾಗದವನ್ನು ಅವಳು ಬಿಚ್ಚಿಯೇ ಇರಲಿಲ್ಲ. ಅದರ ಮೊದಲ ಪುಟದಲ್ಲೇ ಒಂದು ಕೈಯ ಚಿತ್ರ, ಅದರ ಮೇಲೆ ಅಡ್ಡಗೆರೆ. ಮೈಮೇಲಿನ ಬಟ್ಟೆಯ ತಿಕ್ಕಾಟದಿಂದ ಹುಟ್ಟುವ ವಿದ್ಯುತ್ತು ಕಾರ್ಡಿಗೆ ತಾಗಿದರೆ ಅದು ಸುಟ್ಟುಹೋಗುತ್ತದೆ, ಚೀಲದಿಂದ ತೆಗೆಯುವ ಮೊದಲು ಕಬ್ಬಿಣ ಮುಟ್ಟಿ, ಉಣ್ಣೆ ರೇಷ್ಮೆ ತೊಟ್ಟಿರಬೇಡಿ ಎಂದು ಬರೆದಿತ್ತು. ನಾಗರತ್ನ ಅದನ್ನು ನಿಧಾನವಾಗಿ ಕನ್ನಡದಲ್ಲಿ ಹೇಳಿ ಮುಗಿಸಿದಳು.

"ಹಂಗಾರೆ ಅದನ್ನ ಸುಟ್ಟೋನು ನಾನೇ," ಎಂದ ನಾಗೇಂದ್ರಪ್ಪ. ಹುಟ್ಟಿದಾಗಿನಿಂದ ಅಪ್ಪ ತನ್ನ ಕೈಯ ತಪ್ಪನ್ನು ಒಪ್ಪಿಕೊಂಡದ್ದನ್ನು ಅವಳು ಕೇಳಿರಲಿಲ್ಲ. ಅವಳಿಗೆ ಸಮಾಧಾನವಾಗುವ ಬದಲು ಹೆದರಿಕೆಯಾಯಿತು. "ನಾಳೆ ಚಳ್ಳಕೆರೆಗೆ ಕರ್ಕೊಂಡು ಹೋಗು. ಅವನ ಆಣೆ ಸುಳ್ಳಲ್ಲ ಅಂತ ಅವನ ಅಂಗಡಿಯಾಗೇ ಹೇಳ್ಬೇಕು," ಎಂದ.

ಬುಧವಾರ ಅವನ ಕೈ ಹಿಡಿದುಕೊಂಡು ಅವಳು ಅಂಗಡಿಯ ಮೆಟ್ಟಿಲು ಹತ್ತಿಸಿದಳು. ಆ ಹೊತ್ತಿಗೂ ಒಳಗೆ ಜನರಿದ್ದರು. ಇಲ್ಲದಿದ್ದರೆ ನಾಗೇಂದ್ರಪ್ಪ ಜನ ಬರುವವರೆಗೆ ಕಾಯುತ್ತಿದ್ದನೇನೋ.

"ಕ್ಯಾತಣ್ಣ ಯಾರು? ನಾನು ಈಕೆ ಅಪ್ಪ. ಕಾರ್ಡು ನೀನು ಕೊಟ್ಟಿದ್ದು ಸರಿಯಾಗೇ ಇತ್ತಪ್ಪ. ರೇಷ್ಮೆ ಮ್ಯಾಲೆ ಇಟ್ಟು, ರೇಷ್ಮೆ ಉಟ್ಕೊಂಡು ಸವರಿ ಸುಟ್ಟೋನು ನಾನು. ನಿನ್ನ ಆಣೆ ಸುಳ್ಳಲ್ಲ."

ಕ್ಯಾತಣ್ಣ ಅವನನ್ನು ಕುರ್ಚಿಯ ಮೇಲೆ ಕೂರಿಸಿದ. ಆದರೆ ಅವನ ಕಣ್ಣು ನಾಗರತ್ನಳ ಮೇಲಿತ್ತು. ಅಪ್ಪ ಹೇಳಿದ್ದು ಅಪ್ಪನ ತಪ್ಪು. ಅವಳದು ಇನ್ನೂ ಬಾಕಿ ಇತ್ತು. ಅವಳ ಮುಖ ಕಿವಿಯವರೆಗೂ ಬಿಸಿಯಾಯಿತು.

"ಎತ್ತಿನ ಆಣೆನ ಹಂಗೆ ಅಂದಿದ್ದು ನಂದು ತಪ್ಪು ಕ್ಯಾತಣ್ಣ. ತಪ್ಪಾತು," ಎಂದಳು.

"ಆತು ಬಿಡ್ರಿ," ಎಂದು ಕ್ಯಾತಣ್ಣ ಒಳಗಿನಿಂದ ಡಬ್ಬ ತಂದ. ಕಾರ್ಡನ್ನು ಚೀಲದಿಂದ ತೆಗೆಯುವ ಮೊದಲು ತನ್ನ ಕಂಪ್ಯೂಟರಿನ ಕಬ್ಬಿಣದ ಮೈಯನ್ನು ಮುಟ್ಟಿದ. ಯಾಕೆ ಹಾಗೆ ಮುಟ್ಟಿದ್ದು ಎಂದು ನಾಗರತ್ನ ಕೇಳಿದಳು. ಅವನು ತನ್ನ ಕೈಯನ್ನು ತಾನೇ ನೋಡಿಕೊಂಡ. "ಯಾಕೋ ಗೊತ್ತಿಲ್ಲ ಅಕ್ಕಾರೆ. ಕಲಿಸಿದೋರು ಹಿಂಗೇ ಮುಟ್ತಿದ್ರು, ನಾನೂ ಮುಟ್ತೀನಿ."

ನಾಗೇಂದ್ರಪ್ಪ ನಕ್ಕ. ಕಣ್ಣು ಹೋದ ಮೇಲೆ ಆತ ಹಾಗೆ ನಕ್ಕದ್ದು ಅಪರೂಪ.

ಕಾಗದ ಹೇಳಿದ್ದು ಕಬ್ಬಿಣ ಮುಟ್ಟು ಎಂದು. ನಾಗೇಂದ್ರಪ್ಪನಿಗೆ ಅಷ್ಟು ಸಾಲಲಿಲ್ಲ. ಅಂದು ಮಧ್ಯಾಹ್ನ ಕಂಪ್ಯೂಟರಿನ ಪೆಟ್ಟಿಗೆಯನ್ನು ಸೂರಮ್ಮನ ಮನೆಗೆ ಸಾಗಿಸಿದರು. ಗುಂಡಿಯಲ್ಲಿ ಮತ್ತೆರಡು ತಂಬಿಗೆ ನೀರು ಬಿತ್ತು. ನಾಗರತ್ನ ಹತ್ತಿಯ ಸೀರೆಯಲ್ಲಿ ಮಗ್ಗದ ಅಂಚಿಗೆ ಕೂತು, ಬರಿಗಾಲನ್ನು ಒದ್ದೆ ಮಣ್ಣಿಗೆ ಇಳಿಬಿಟ್ಟು, ಎಡಗೈಯಲ್ಲಿ ಪೆಟ್ಟಿಗೆಯ ಕಬ್ಬಿಣ ಹಿಡಿದು, ಬಲಗೈಯಲ್ಲಿ ಕಾರ್ಡು ತೆಗೆದಳು. ಯಾವ ಚುಳುಕೂ ಇಲ್ಲ. ಪೂಜೆಯೂ ಇಲ್ಲ, ಕುಂಕುಮವೂ ಇಲ್ಲ. ಕಾರ್ಡು ಸ್ಲಾಟಿಗೆ ಇಳಿದಾಗ ಟಕ್ ಎಂದ ಸದ್ದನ್ನು ಕೇಳಿ, ಗುಂಡಿಯ ಪಕ್ಕದಲ್ಲಿ ಕೂತಿದ್ದ ಅಪ್ಪ "ಕೂತಿತು" ಎಂದ.

ಮನೆಗೆ ತಂದು ಹಚ್ಚಿದರೆ ಹಸಿರು ದೀಪ ಹತ್ತಿತು. ಫ್ಲಾಪಿ ಹಾಕಿ ಡ್ರೈವರ್ ಕೊಟ್ಟಳು. ಸಂಜೆಯೊಳಗೆ ಮೊಳಕಾಲ್ಮೂರಿನ ಆ ಮನೆಗೆ ಇಂಟರ್ನೆಟ್ ಬಂದಿತ್ತು.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಸಾಹುಕಾರರ ಪತ್ರ ಬಂತು. ಹಂಸ ಚೆನ್ನಾಗಿದೆ, ಬಳ್ಳಿಯೂ ಸರಿ. ಆದರೆ ಅಂಚಿನ ಕೆಳಗೆ ಮೂರೆಳೆಯ ಸಣ್ಣ ಸಾಲೊಂದಿದೆಯಲ್ಲ, ಅದು ಹಳೇ ಕಾಲದ್ದು ಅನಿಸುತ್ತದೆ, ತೆಗೆದು ಇವತ್ತೇ ಕಳಿಸಿ ಎಂದಿತ್ತು.

ನಾಗರತ್ನ ಕೈ ಕಟ್ಟಿಕೊಂಡು ಕೂತಳು. ಆ ಸಾಲು ಅಪ್ಪನದು. ಅವನು ಬರೆದ ಯಾವ ಅಂಚೂ ಆ ಸಾಲಿಲ್ಲದೆ ಮುಗಿಯುತ್ತಿರಲಿಲ್ಲ, ಅವಳೂ ಹಾಗೆಯೇ ಬರೆದುಕೊಂಡು ಬಂದಿದ್ದಳು. ಯಾವ ಸಾಹುಕಾರ ಹೇಳಿದರೂ ಅವನು ಅದನ್ನು ತೆಗೆದಿರಲಿಲ್ಲ; ಅದಕ್ಕಾಗಿಯೇ ಕೆಲಸ ಬಿಟ್ಟದ್ದೂ ಉಂಟು. ಹೇಳದೆ ತೆಗೆದರೂ ಅವನಿಗೆ ಕಾಣುತ್ತಿರಲಿಲ್ಲ. ಕಾಣುವುದಿಲ್ಲವೆಂದೇ ಅವಳಿಗೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಪತ್ರವನ್ನು ಒಂದಕ್ಷರ ಬಿಡದೆ ಓದಿ ಹೇಳಿದಳು.

ನಾಗೇಂದ್ರಪ್ಪ ಬಾಗಿಲ ಕಡೆಗೆ ಮುಖ ತಿರುಗಿಸಿದ. ಬಾಗಿಲಲ್ಲಿ ಸೂರಮ್ಮ ನಿಂತಿದ್ದಳು, ಅವಳ ಹಿಂದೆ ಇನ್ನಿಬ್ಬರು ನೇಕಾರರು. ಅವರು ನಿಂತಿರುವುದು ಅವನಿಗೂ ಗೊತ್ತಿತ್ತು.

"ತೆಗಿ," ಎಂದ.

ಅವಳು ತೆಗೆದಳು. ಅವನ ಮೂರು ಎಳೆಗಳು ತೆರೆಯಿಂದ ಹೋದವು.

"ಆತಾ?"

"ಆತು."

"ಇಷ್ಟು ಬೇಗಾನಾ? ಹಾಳೆಯಾಗಾದ್ರೆ ನಂಗೆ ಎಂಟು ದಿನ ಹಿಡೀತಿತ್ತು," ಎಂದ. ಅವನ ಬೆರಳುಗಳು ಮಡಿಲಲ್ಲಿ ಪೆನ್ಸಿಲ್ ಹಿಡಿದ ಹಾಗೆ ಕೂಡಿದ್ದವು. ಅದನ್ನು ನೋಡಿ ನಾಗರತ್ನಳಿಗೆ ದುಃಖ ಉಕ್ಕಿ ಬಂತು. ಅವಳು ಮುಖವನ್ನು ಅತ್ತ ತಿರುಗಿಸಿಕೊಂಡಳು, ಅವನಿಗೆ ಕಾಣುವುದಿಲ್ಲವೆಂಬುದೂ ಮರೆತು.

"ಕೂತ್ಕೊಂಡು ಏನ್ ಮಾಡ್ತೀಯಮ್ಮಾ, ಹೊತ್ತಾಗ್ತೈತೆ," ಎಂದ ನಾಗೇಂದ್ರಪ್ಪ. "ಕಳಿಸು ನಿನ್ನ ನಕ್ಷೆನ."